ತಾವರೆ ಎಲೆಯೂ ಉಸಿರಾಡುತ್ತೆ

"ಎಲ್ಲವನ್ನೂ ಮನಸ್ಸಿಗೆ ಹಚ್ಕೋಬೇಡಮ್ಮ. ತಾವರೆ ಎಲೆ ಮೇಲಿನ ನೀರಿನ ಹಾಗೆ ಇದ್ಬಿಡು." ನಾನು ಟೀಮ್ ಲೀಡ್ ಆದಾಗ ಆಫೀಸಿನ ಹಿರಿಯರೊಬ್ಬರು ಕೊಟ್ಟ ಸಲಹೆ ಇದು. ಅದನ್ನ ಚೆನ್ನಾಗಿಯೇ ಕಲಿತೆ. ಸಂಜೆ ಏಳರ ನಂತರ ಆಫೀಸಿನ ಯಾರ ಫೋನನ್ನೂ ಎತ್ತುತ್ತಿರಲಿಲ್ಲ.

ಒಂದು ರಾತ್ರಿ ಟೀಮಿನ ಹುಡುಗ ಮೂರು ಸಲ ಫೋನ್ ಮಾಡಿದ. 'ನಾಳೆ ನೋಡಿದ್ರಾಯ್ತು' ಅಂತ ಫೋನನ್ನ ಮಗುಚಿಟ್ಟೆ. ಮರುದಿನ ಗೊತ್ತಾಯ್ತು: ಊರಿಂದ ಬಂದಿದ್ದ ಅವನ ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಹೋಗೋಕೆ ಕಾರು ಬೇಕಿತ್ತು. ನನ್ನ ಮನೆ ಎರಡೇ ರಸ್ತೆ ಆಚೆ. "ಪರವಾಗಿಲ್ಲ ಮೇಡಂ, ಆಟೋ ಸಿಕ್ತು" ಅಂದ. ಅಪ್ಪ ಹುಷಾರಾದ್ರು. ಆದ್ರೆ ಅವನು ಆಮೇಲೆ ನನಗೆ ಫೋನ್ ಮಾಡಲೇ ಇಲ್ಲ. ಏನಿದ್ರೂ ಮೇಲ್.

ಆ ಬೇಜಾರಿನಲ್ಲೇ ತಾವರೆ ಎಲೆ ಬಗ್ಗೆ ಓದೋಕೆ ಕೂತೆ. ಗಿಡಗಳು ಸುಮಾರು 45 ಕೋಟಿ ವರ್ಷಗಳ ಹಿಂದೆ ನೀರು ಬಿಟ್ಟು ನೆಲಕ್ಕೆ ಬಂದಾಗ ಅವುಗಳ ದೊಡ್ಡ ಭಯ ಒಣಗಿಹೋಗೋದು. ಅದಕ್ಕೇ ಮೈಮೇಲೆ ಮೇಣದ ಪೊರೆ. ನಮ್ಮ ಪ್ರಿಂಟರಿನ ಹಾಳೆಗಿಂತ ಎಷ್ಟೋ ಪಟ್ಟು ತೆಳು, ಆದ್ರೂ ಒಳಗಿನ ನೀರನ್ನ ಹಿಡಿದಿಡುತ್ತೆ. ಆದ್ರೆ ಪೂರ್ತಿ ಮುಚ್ಚಿಕೊಂಡ್ರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರಲ್ಲ, ಗಿಡಕ್ಕೆ ಊಟವಿಲ್ಲ. ಹಾಗಾಗಿ ಆ ಪೊರೆಯ ನಡುನಡುವೆ ಪತ್ರರಂಧ್ರಗಳಿವೆ. ಬೇರು ಎಳೆದುಕೊಂಡ ನೀರಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಆವಿಯಾಗಿ ಹೋಗಿಬಿಡುತ್ತೆ, ಬಹುಪಾಲು ಇವೇ ರಂಧ್ರಗಳ ಮೂಲಕ. ಬದುಕೋಕೆ ಗಿಡ ಕೊಡುವ ಬೆಲೆ ಅದು. ಬರ ಬಂದಾಗ ರಂಧ್ರ ಮುಚ್ಚುತ್ತೆ ನಿಜ, ಆದ್ರೆ ಸದಾ ಮುಚ್ಚಿಕೊಂಡೇ ಇರಲ್ಲ.

ತಾವರೆಯಲ್ಲಿ ಇನ್ನೊಂದು ವಿಶೇಷ. ಬಹಳಷ್ಟು ಗಿಡಗಳಿಗೆ ಪತ್ರರಂಧ್ರಗಳು ಹೆಚ್ಚಾಗಿ ಎಲೆಯ ಅಡಿಯಲ್ಲಿರುತ್ತವೆ. ನೀರಿನ ಮೇಲೆ ತೇಲುವ ಎಲೆಗೆ ಅಡಿಯಿಂದ ಗಾಳಿ ಸಿಗೋದು ಹೇಗೆ? ತಾವರೆಗೆ ಅವು ಇರೋದು ಮೇಲ್ಭಾಗದಲ್ಲೇ, ಅಂದ್ರೆ ಹನಿ ಜಾರುವ ಅದೇ ಜಾಗದಲ್ಲಿ. ಆ ಎಲೆ ಹೇಗೆ ಸ್ವಚ್ಛವಾಗಿರುತ್ತೆ ಅಂತ 1997ರಲ್ಲಿ ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹಾಯಿಸ್ ವಿವರಿಸಿದ್ರು: ಸಣ್ಣ ಸಣ್ಣ ಉಬ್ಬುಗಳು, ಅವುಗಳ ಮೇಲೆ ಮೇಣದ ಹರಳು. ನೀರು ಅಂಟಲ್ಲ, ಜಾರುವಾಗ ದೂಳನ್ನೂ ಒಯ್ಯುತ್ತೆ. ನೀರು ನಿಲ್ಲದೇ ಇರೋದ್ರಿಂದ ರಂಧ್ರಗಳೂ ಮುಚ್ಚಿಹೋಗಲ್ಲ.

ನಾನು ಅರ್ಧ ಪಾಠವನ್ನಷ್ಟೇ ಕಲಿತಿದ್ದೆ. ಅಂಟಿಸಿಕೊಳ್ಳದೇ ಇರೋದು ಬೇರೆ, ಮುಚ್ಚಿಕೊಳ್ಳೋದು ಬೇರೆ. ಡೆಡ್‌ಲೈನಿನ ಕಿರಿಕಿರಿ, ಯಾರದೋ ಕೊಂಕುಮಾತು ಜಾರಿಹೋಗಲಿ. ಅವು ಮನಸ್ಸಿನಲ್ಲಿ ನಿಂತ್ರೆ ಇನ್ನೊಬ್ಬರ ಕಷ್ಟಕ್ಕೆ ಒಳಗೆ ದಾರಿ ಇರಲ್ಲ. ಆದ್ರೆ ಆ ದಾರಿಯನ್ನೇ ಮುಚ್ಚೋಕೆ ಮೇಣ ಹಚ್ಚಿಕೊಂಡ್ರೆ ಅದು ನಿರ್ಲಿಪ್ತತೆ ಅಲ್ಲ. ತೆರೆದಿಟ್ರೆ ನಮ್ಮದೂ ಒಂದಿಷ್ಟು ಆವಿಯಾಗುತ್ತೆ: ನಿದ್ದೆ, ಸಮಯ, ಪೆಟ್ರೋಲ್. ಆಗಲಿ.

ಏಳರ ಮೇಲೆ ಮೇಲ್ ಈಗಲೂ ನೋಡಲ್ಲ. ಫೋನ್ ಮಾತ್ರ ಎತ್ತುತ್ತೇನೆ. ಕಳೆದ ಶನಿವಾರ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. ಏನೋ ತಪ್ಪಾಗಿದೆ ಅನ್ನೋ ಗಾಬರಿಯಲ್ಲಿ ಎತ್ತಿದ. "ಏನಿಲ್ಲಪ್ಪ, ನಿಮ್ಮ ತಂದೆ ಹೇಗಿದ್ದಾರೆ?" ಅಂದೆ.