ಅಟ್ಟದ ಮೇಲಿನ ಕಾಯಿ

ಧ್ಯಾನಕ್ಕೆ ದೇವರ ವಾಕ್ಯ: ಸಂತ ಯಾಕೋಬರ ಪತ್ರ 5:7-11, ಸಂತ ಮಾರ್ಕರ ಶುಭಸಂದೇಶ 4:26-29, ಸಂತ ಯೊವಾನ್ನರ ಶುಭಸಂದೇಶ 11:1-44





ಪುಣ್ಯಕ್ಷೇತ್ರದ ಕಛೇರಿಯಲ್ಲಿ ಪೂಜೆ ಬರೆಸುವ ಪುಸ್ತಕ ಒಂದಿದೆ. ಅದರಲ್ಲಿ ಬರುವ ಕೋರಿಕೆಗಳನ್ನು ನೋಡಿದರೆ ನಮ್ಮ ಜನರ ಕಷ್ಟ ಏನೆಂದು ತಿಳಿಯುತ್ತದೆ. ಮಗನಿಗೆ ಕೆಲಸ, ಮಗಳಿಗೆ ಸಂಬಂಧ, ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ತುಂಬದ ದುಃಖ, ಬತ್ತಿದ ಬೋರ್‌ವೆಲ್, ಕೋರ್ಟಿನಲ್ಲಿ ಕೊಳೆಯುತ್ತಿರುವ ಜಮೀನಿನ ಕೇಸು, ಯಜಮಾನರ ಕುಡಿತ. ಬರೆಸುವವರಲ್ಲಿ ಬಹಳ ಮಂದಿ ಕೊನೆಯಲ್ಲಿ ಕೇಳುವ ಪ್ರಶ್ನೆ ಒಂದೇ: "ಒಂಬತ್ತು ವಾರ ತಪ್ಪದೆ ಬಂದಿದ್ದೇವೆ, ಇನ್ನೂ ಯಾಕೆ ಆಗಲಿಲ್ಲ?" ಹಳ್ಳಿಗಳಲ್ಲಿ ಸೇವೆ ಮಾಡುವ ಉಪದೇಶಿಗಳೂ ಸಿಸ್ಟರುಗಳೂ ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಾರೆ: "ಇಷ್ಟು ವರ್ಷ ದುಡಿದೆವು, ಫಲ ಎಲ್ಲಿ?"

ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವವರು ಇದ್ದಾರೆ. "ನಿಮ್ಮ ವಿಶ್ವಾಸ ಸಾಲದು" ಅನ್ನುತ್ತಾರೆ. "ಇಷ್ಟು ಕಾಣಿಕೆ ಹಾಕಿ, ಇಂಥ ದಿನದೊಳಗೆ ಆಗುತ್ತದೆ" ಅನ್ನುವವರೂ ಇದ್ದಾರೆ. ಅಂಥ ಮಾತನ್ನು ನಂಬಬೇಡಿ. ದೇವರಿಗೆ ಗಡುವು ಹಾಕುವ ಅಧಿಕಾರ ಯಾರಿಗೂ ಇಲ್ಲ. ನವದಿನದ ಪ್ರಾರ್ಥನೆ, ಒಂಬತ್ತು ವಾರದ ಹರಕೆ, ಇವೆಲ್ಲ ಒಳ್ಳೆಯವೇ. ಆದರೆ ಅವು ದೇವರ ಮನಸ್ಸನ್ನು ಬಗ್ಗಿಸುವುದಕ್ಕಲ್ಲ, ನಮ್ಮ ಮನಸ್ಸನ್ನು ದೇವರ ಮುಂದೆ ಹಿಡಿದು ಕೂರಿಸುವುದಕ್ಕೆ.

ಕೊಬ್ಬರಿ ಆಗುವುದು ಹೇಗೆ?

ಸಂತ ಯಾಕೋಬರು ತಾಳ್ಮೆಯ ಬಗ್ಗೆ ಹೇಳುವಾಗ ಮುಂಗಾರು ಹಿಂಗಾರಿಗಾಗಿ ಕಾಯುವ ರೈತನನ್ನು ತೋರಿಸುತ್ತಾರೆ. ಕುಣಿಗಲ್ ದೊಡ್ಡಕೆರೆ ಯಾವಾಗ ತುಂಬೀತು ಎಂದು ಮುಗಿಲು ನೋಡಿದ ನಮ್ಮ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಸೀಮೆಯಲ್ಲಿ ತಾಳ್ಮೆಗೆ ಇನ್ನೊಂದು ಪಾಠಶಾಲೆ ಇದೆ. ಅದು ನಮ್ಮ ತೆಂಗಿನ ಮನೆಗಳ ಅಟ್ಟ.

ತುಮಕೂರಿನ ಶೆಟ್ಟಿಹಳ್ಳಿ, ಗುಬ್ಬಿ, ತಿಪಟೂರು ಕಡೆಯಿಂದ ಬರುವವರಿಗೆ ಉಂಡೆ ಕೊಬ್ಬರಿ ಹೇಗೆ ಆಗುತ್ತದೆಂದು ಗೊತ್ತು. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಚೆನ್ನಾಗಿ ಬಲಿತ ಕಾಯನ್ನು ಆರಿಸಿ, ಮಟ್ಟೆ ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ವರ್ಷವೇ ಆಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗುತ್ತಿಲ್ಲ. ಇಟ್ಟ ಕಾಯಿ ಇಟ್ಟ ಹಾಗೇ ಇದೆ. ಒಳಗೆ ಮಾತ್ರ ನೀರು ದಿನ ದಿನಕ್ಕೂ ಇಂಗುತ್ತಿರುತ್ತದೆ, ತಿರುಳು ಗಟ್ಟಿಯಾಗುತ್ತಿರುತ್ತದೆ, ಕೊನೆಗೆ ತಾನಾಗಿ ಚಿಪ್ಪು ಬಿಡುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟುಕು ಉರುಳುವ ಸದ್ದು ಕೇಳುತ್ತದೆ. ಅವಸರಪಟ್ಟು ನಾಲ್ಕು ತಿಂಗಳಿಗೇ ಒಡೆದರೋ, ಹಸಿ ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಅತ್ತ ಒಳ್ಳೆ ಕಾಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ.

ಸಂತ ಮಾರ್ಕರ ಶುಭಸಂದೇಶದಲ್ಲಿ ಮಾತ್ರ ಇರುವ ಒಂದು ಸಾಮತಿಯಲ್ಲಿ ಪ್ರಭು ಹೇಳಿದ್ದೂ ಇದೇ. ಬಿತ್ತಿದವನು ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಬೀಜ ಮೊಳೆಯುತ್ತದೆ, ಬೆಳೆಯುತ್ತದೆ. ಹೇಗೆ ಅಂತ ಅವನಿಗೆ ಗೊತ್ತಿಲ್ಲ. ದೇವರ ಕೆಲಸ ನಮ್ಮ ಕಣ್ಣ ಮುಂದೆ ಆಗಲೇಬೇಕೆಂದಿಲ್ಲ. ಕಾಣದಿದ್ದ ಮಾತ್ರಕ್ಕೆ ಆಗುತ್ತಿಲ್ಲವೆಂದೂ ಅಲ್ಲ.

ಗುಬ್ಬಿಯಲ್ಲಿ ನಡೆದದ್ದು

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಸಾಕ್ಷಿ ಇದೆ. ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ಪಾದ್ರಿಗಳು ಸೇವೆ ಆರಂಭಿಸಿದರು. ಇವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ವೆಸ್ಲಿಯನ್ ಸಭೆಯವರು. ಆ ಸಭೆ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ನಲ್ಲಿ ಸೇರಿತು. ಆದರೇನು, ಒಳ್ಳೆಯ ಮಾದರಿ ಯಾವ ಮನೆಯಲ್ಲಿದ್ದರೂ ನೋಡಿ ಕಲಿಯಬೇಕು. ಆಗ ರೈಲು ಇಲ್ಲ, ಭಾಷೆ ಬರದು, ಹವೆ ಒಗ್ಗದು. ಸಂತೆಯಲ್ಲಿ, ಊರ ಬಾಗಿಲಲ್ಲಿ ನಿಂತು ಮಾತಾಡಬೇಕು. ಕೇಳುವವರು ಕೇಳಿದರು, ಹೋಗುವವರು ಹೋದರು.

ನಲವತ್ತು ವರ್ಷ ಕಳೆದ ಮೇಲೆ, 1877ರಲ್ಲಿ, ಹಾಡ್ಸನ್ನರು ಗುಬ್ಬಿ ಸೀಮೆಯ ಸೇವೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರೇನು ಗೊತ್ತೇ? 'ಮುದುಕ ದಾನಿಯೇಲ.' ಗುಬ್ಬಿ ಕಡೆಯ ಒಬ್ಬ ಹಳ್ಳಿಗನ ಹೆಸರು. ನಲವತ್ತು ವರ್ಷದ ನಂತರ ಹಿಂತಿರುಗಿ ನೋಡಿದಾಗ ಅವರು ಎತ್ತಿ ತೋರಿಸಿದ್ದು ಕಟ್ಟಡವನ್ನಲ್ಲ, ತಲೆ ಲೆಕ್ಕವನ್ನಲ್ಲ. ಒಬ್ಬ ಮನುಷ್ಯ, ಅವನ ಬಾಳು. ಸೇವೆಯಲ್ಲಿರುವ ಪ್ರತಿಯೊಬ್ಬರೂ ಇದನ್ನು ಮನಸ್ಸಿನಲ್ಲಿಡಬೇಕು. ನಮ್ಮ ಸೇವೆ ತಲೆ ಎಣಿಸುವ ವ್ಯಾಪಾರವಲ್ಲ. ಆಸೆ ತೋರಿಸಿ, ಒತ್ತಾಯ ಮಾಡಿ ಆಗುವಂಥದ್ದಂತೂ ಅಲ್ಲವೇ ಅಲ್ಲ. ಒಬ್ಬ ರೋಗಿಯ ಪಕ್ಕ ಕೂತದ್ದು, ಒಂದು ಮಗುವಿಗೆ ಅಕ್ಷರ ಕಲಿಸಿದ್ದು, ದೇವರ ಪುಸ್ತಕದಲ್ಲಿ ಅದಕ್ಕೆ ಪೂರ್ತಿ ಜಾಗವಿದೆ.

ಅದೇ ಗುಬ್ಬಿಗೆ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ಯುವಕ ಬಂದರು. 1839ರಲ್ಲಿ ದೇಶ ಬಿಟ್ಟು ಹೊರಟಾಗ ಅವರಿಗೆ ಇಪ್ಪತ್ತು ವರ್ಷ. ಕನ್ನಡ ಕಲಿತರು. ಜೀವಮಾನವೆಲ್ಲ ಇಲ್ಲೇ ದುಡಿಯುವ ಆಸೆಯಿಂದ ಬಂದವರು. ಆದರೆ ಆರೋಗ್ಯ ಕೈಕೊಟ್ಟಿತು. 1841ರಲ್ಲೇ ವಾಪಸ್ ಹೊರಡಬೇಕಾಯಿತು. ಇಪ್ಪತ್ತೆರಡರ ವಯಸ್ಸಿಗೆ ಎಲ್ಲ ಮುಗಿದ ಹಾಗೆ. ಆ ಹಡಗಿನಲ್ಲಿ ಕೂತವರ ಮನಸ್ಸು ಹೇಗಿದ್ದಿರಬೇಕು, ನೀವೇ ಯೋಚಿಸಿ. "ಕರೆದದ್ದೂ ನೀನೇ, ಕಳಿಸಿದ್ದೂ ನೀನೇ, ಈಗ ಹೀಗೆ ಯಾಕೆ?" ಎಂಬ ಪ್ರಶ್ನೆ ಯಾರಿಗಾದರೂ ಬಂದೀತು.

ಅವರು ಮತ್ತೆ ಗುಬ್ಬಿಗೆ ಸೇವೆಗೆ ಬರಲಿಲ್ಲ. ಆ ಬಾಗಿಲು ತೆರೆಯಲೇ ಇಲ್ಲ. ಆದರೆ 1847ರಲ್ಲಿ ಮೈಸೂರು ಸೀಮೆಯ ಸೇವೆಯ ಬಗ್ಗೆ ಪುಸ್ತಕ ಬರೆದರು. 1851ರಿಂದ ಅವರ ಸಭೆಯ ಮಿಷನ್ ಸಂಘಕ್ಕೆ ಕಾರ್ಯದರ್ಶಿಯಾಗಿ ದುಡಿದರು. 1856ರಲ್ಲಿ ಪವಿತ್ರಾತ್ಮರ ಶಕ್ತಿಯ ಬಗ್ಗೆ ಅವರು ಬರೆದ 'ಅಗ್ನಿ ನಾಲಗೆ' ಎಂಬ ಪುಸ್ತಕವನ್ನು ಅನೇಕ ದೇಶಗಳ ಕ್ರೈಸ್ತರು ಓದಿದರು. ಎಂಬತ್ತೊಂದು ವರ್ಷ ದಾಟಿ ಬಾಳಿ 1901ರಲ್ಲಿ ತೀರಿಕೊಂಡರು. ಗುಬ್ಬಿಯಲ್ಲಿ ಕಳೆದ ಆ ಸ್ವಲ್ಪ ಕಾಲ ವ್ಯರ್ಥವಾಗಲಿಲ್ಲ. ಅಟ್ಟದ ಮೇಲಿತ್ತು, ಅಷ್ಟೆ.

ಆಶೆ ಬಿಟ್ಟ ಗುರುಗಳೊಬ್ಬರು

ನಮ್ಮ ಧರ್ಮಸಭೆಯ ಒಂದು ಉದಾಹರಣೆಯನ್ನೂ ಹೇಳಬೇಕು. 1799ರಲ್ಲಿ ಟಿಪ್ಪು ಸುಲ್ತಾನರ ಕಾಲ ಮುಗಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದ ಫ್ರಾನ್ಸ್ ದೇಶದ ಗುರುಗಳು ಅಬ್ಬೆ ದುಬಾಯ್. ಜನ ಇವರನ್ನು ದೊಡ್ಡಸ್ವಾಮಿಗಳು ಎನ್ನುತ್ತಿದ್ದರು. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಕರೆಯುವ ಚರ್ಚು ಇದೆ. ಮೂವತ್ತು ವರ್ಷ ಈ ದೇಶದಲ್ಲಿ ದುಡಿದು 1823ರಲ್ಲಿ ವಾಪಸ್ ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ಈ ನಾಡಿನಲ್ಲಿ ಶುಭಸಂದೇಶ ಬೇರೂರುವ ಆಶೆ ಇನ್ನಿಲ್ಲ ಎಂಬ ಅರ್ಥ ಬರುವಂತೆ ಅದರಲ್ಲಿ ಬರೆದುಬಿಟ್ಟರು. ಅಷ್ಟು ದುಡಿದವರೇ ಕೈ ಚೆಲ್ಲಿದರು.

ಆದರೆ ಅವರು ಕೂಡಿಸಿದ ಜನರ ಪ್ರಾರ್ಥನೆ ನಿಲ್ಲಲಿಲ್ಲ. ಹಾಸನ, ಮೈಸೂರು, ಶ್ರೀರಂಗಪಟ್ಟಣದ ಕಡೆಗಳಲ್ಲಿ ಇವತ್ತಿಗೂ ಬಲಿಪೂಜೆ ನಡೆಯುತ್ತಿದೆ. ಇನ್ನೂ ಒಂದು ವಿಷಯ. 1803-04ರಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದ್ದು ಇದೇ ಸ್ವಾಮಿಗಳು. ಇಂಥ ಎಷ್ಟೋ ಜನರ ದುಡಿಮೆ ಕೂಡಿ, 1980ರಲ್ಲಿ ಸಿಡುಬು ಇಡೀ ಪ್ರಪಂಚದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇವತ್ತಿನ ಮಕ್ಕಳ ಮುಖದಲ್ಲಿ ಸಿಡುಬಿನ ಕಲೆ ಇಲ್ಲ. ದೊಡ್ಡಸ್ವಾಮಿಗಳು 1848ರಲ್ಲೇ ತೀರಿಕೊಂಡರು, ಇದನ್ನು ನೋಡಲಿಲ್ಲ. ಬಿತ್ತಿದವರೇ ಆಶೆ ಬಿಟ್ಟರೂ ದೇವರು ಬೆಳೆ ಬಿಡುವುದಿಲ್ಲ. ನಮಗೆ ಇದಕ್ಕಿಂತ ಧೈರ್ಯ ಬೇಕೇ?

ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ

ಇಲ್ಲಿ ಒಂದು ಎಚ್ಚರಿಕೆ. ಅಟ್ಟದ ಮೇಲೆ ಕಾಯಿ ಹಾಕಿದ ರೈತ ಅದನ್ನು ಮರೆತು ಮಲಗುವುದಿಲ್ಲ. ಹೆಂಚು ಸೋರುತ್ತಿದೆಯೇ ನೋಡುತ್ತಾನೆ, ಇಲಿ ಕಾಟ ತಪ್ಪಿಸುತ್ತಾನೆ, ಬಿರುಕು ಬಿಟ್ಟ ಕಾಯನ್ನು ಬೇರೆ ಮಾಡುತ್ತಾನೆ. ತಿರುಳು ಒಣಗಿಸುವುದು ಅವನ ಕೈಯಲ್ಲಿಲ್ಲ. ಉಳಿದದ್ದೆಲ್ಲ ಅವನ ಕೈಯಲ್ಲಿದೆ.

ಕಾಯಿಲೆಯಾದರೆ ಪ್ರಾರ್ಥನೆಯನ್ನೂ ಮಾಡಿ, ಆಸ್ಪತ್ರೆಗೂ ಹೋಗಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಹರಕೆಯ ಹೆಸರಲ್ಲಿ ನಿಲ್ಲಿಸಬೇಡಿ. ಕೆಲಸಕ್ಕಾಗಿ ಬೇಡುವ ಹುಡುಗ ಅರ್ಜಿಯನ್ನೂ ಹಾಕಬೇಕು. ಕುಡಿದು ಬಂದು ಹೊಡೆಯುವವನ ಮನೆಯಲ್ಲಿ "ಸಹಿಸಿಕೊಂಡಿರಮ್ಮ, ದೇವರು ನೋಡುತ್ತಾನೆ" ಎಂದು ಹೆಣ್ಣುಮಕ್ಕಳಿಗೆ ಹೇಳುವುದು ತಾಳ್ಮೆಯ ಬೋಧನೆಯಲ್ಲ. ಅಂಥ ಅಕ್ಕ ತಂಗಿಯರು ತವರಿನವರಿಗೆ, ಗುರುಗಳಿಗೆ, ಬೇಕಾದರೆ ಪೊಲೀಸಿನವರಿಗೆ ಹೇಳಿ ರಕ್ಷಣೆ ಪಡೆಯಲಿ. ಅದು ಅವಿಶ್ವಾಸವಲ್ಲ.

ಅತ್ತರೆ ತಪ್ಪೇನಿಲ್ಲ

ಬೆಥಾನಿಯದ ಮಾರ್ತ ಮತ್ತು ಮರಿಯ ಸಹೋದರನಿಗೆ ಕಾಯಿಲೆ ಎಂದು ಪ್ರಭುವಿಗೆ ಹೇಳಿಕಳಿಸಿದರು. ಪ್ರಭು ಕೂಡಲೇ ಹೊರಡಲಿಲ್ಲ, ಇದ್ದಲ್ಲೇ ಎರಡು ದಿನ ಉಳಿದರು. ಬರುವಷ್ಟರಲ್ಲಿ ಲಾಸರನನ್ನು ಸಮಾಧಿ ಮಾಡಿ ನಾಲ್ಕು ದಿನ. ಮಾರ್ತ ಎದುರಿಗೇ ಕೇಳಿಬಿಟ್ಟಳು, ನೀವು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲವಲ್ಲ ಎಂಬ ಮಾತನ್ನು. ಪ್ರಭು ಗದರಲಿಲ್ಲ. ಸಮಾಧಿಗೆ ಹೋಗುವಾಗ ಅವರೂ ಅತ್ತರು. ತಾಳ್ಮೆ ಅಂದರೆ ಬಾಯಿ ಮುಚ್ಚಿಕೊಂಡು ಇರುವುದಲ್ಲ. ದೂರು ಇದ್ದರೆ ದೇವರ ಹತ್ತಿರವೇ ಹೇಳಿ. ದೇವರನ್ನು ಬಿಟ್ಟು ಹೋಗಬೇಡಿ, ಅಷ್ಟೆ.

ಕೆಲವು ಸಲ ಉತ್ತರ 'ಇಲ್ಲ' ಎಂದೇ ಬರುತ್ತದೆ. ಸಂತ ಪೌಲರು ತಮ್ಮ ಶರೀರದಲ್ಲಿದ್ದ ಮುಳ್ಳು ತೆಗೆಯಬೇಕೆಂದು ಮೂರು ಸಲ ಬೇಡಿದರು. ಮುಳ್ಳು ಹೋಗಲಿಲ್ಲ, ಹೊರುವ ಶಕ್ತಿ ಬಂತು. ಮಡಿಲು ತುಂಬದ ಎಷ್ಟೋ ದಂಪತಿಗಳು, ಮಗನನ್ನು ಕಳೆದುಕೊಂಡ ಎಷ್ಟೋ ತಾಯಂದಿರು ಈ ಬೆಟ್ಟಕ್ಕೆ ಬರುತ್ತಾರೆ. ಅವರ ವಿಶ್ವಾಸ ಕಡಿಮೆ ಎಂದು ಯಾರೂ ಅನ್ನಬಾರದು. ಮಗನ ಶಿಲುಬೆಯ ಕೆಳಗೆ ನಿಂತ ದೇವಮಾತೆಗೂ ಆ ಶುಕ್ರವಾರ ಯಾವ ಉತ್ತರವೂ ಸಿಗಲಿಲ್ಲ. ಅಮ್ಮನವರು ನಿಂತೇ ಇದ್ದರು. ಬೇಡಿದ್ದು ಸಿಕ್ಕದೆಯೂ ವರ್ಷ ವರ್ಷ ಬೆಟ್ಟ ಹತ್ತುವವರ ಹೆಜ್ಜೆ ದೇವರಿಗೆ ಬಹಳ ಪ್ರಿಯ.

ಮನೆಗೆ ಹೋದ ಮೇಲೆ

ಪ್ರಿಯ ಯಾತ್ರಿಕರೇ, ಬೆಟ್ಟ ಇಳಿದ ಮೇಲೆ ಮೂರು ಕೆಲಸ ಮಾಡಿ.

1. ಪ್ರತಿ ರಾತ್ರಿ ಜಪಮಾಲೆಯಾದ ಮೇಲೆ, ಇವತ್ತು ನನ್ನ ಪಾಲಿನ ಕೆಲಸ ಮಾಡಿದೆನೇ ಎಂದು ಒಂದು ಸಲ ಕೇಳಿಕೊಳ್ಳಿ. ಮಾಡಿದ್ದರೆ ಉಳಿದದ್ದನ್ನು ದೇವರಿಗೆ ಬಿಟ್ಟು ನಿದ್ದೆ ಮಾಡಿ.

2. ನಿಮ್ಮ ಹಾಗೆಯೇ ಕಾಯುತ್ತಿರುವ ಇನ್ನೊಂದು ಮನೆಯವರಿಗಾಗಿ ಪ್ರಾರ್ಥಿಸಿ. ಸಾಧ್ಯವಾದರೆ ಹೋಗಿ ಮಾತಾಡಿಸಿ. ಕಾಯುವವರಿಗೆ ಜೊತೆ ಬೇಕು.

3. ಹಿಂದೆ ದೇವರು ನಡೆಸಿಕೊಟ್ಟ ಒಂದು ಉಪಕಾರವನ್ನು ಮಕ್ಕಳಿಗೆ ಹೇಳಿ. ಅಲ್ಲಾಡಿಸಿದಾಗ ಕೇಳುವ ಗಿಟುಕಿನ ಸದ್ದು ಅದೇ.

ಪ್ರಾರ್ಥನೆ

ಕರುಣಾಮಯಿ ತಂದೆಯೇ, ನಾವು ಅವಸರದ ಮಕ್ಕಳು. ನಿಮ್ಮ ಸಮಯ ನಮಗೆ ತಿಳಿಯದು. ಕಾಣದಾಗಲೂ ನೀವು ದುಡಿಯುತ್ತಿದ್ದೀರೆಂದು ನಂಬುವ ಮನಸ್ಸು ಕೊಡಿ. ನಮ್ಮ ಪಾಲಿನ ಕೆಲಸಕ್ಕೆ ಕೈಗಳಲ್ಲಿ ಬಲ ಕೊಡಿ. ಹಳ್ಳಿ ಹಳ್ಳಿಗಳಲ್ಲಿ ಸೇವೆ ಮಾಡುವ ಗುರುಗಳು, ಸಿಸ್ಟರುಗಳು, ಉಪದೇಶಿಗಳು ಸೋತು ಕೂರದಂತೆ ಕಾಪಾಡಿ. ಉತ್ತರ ಬಾರದೆ ಅಳುವವರ ಪಕ್ಕದಲ್ಲಿ ನೀವೇ ಕುಳಿತುಕೊಳ್ಳಿ. ದೇವಮಾತೆಯೇ, ಶಿಲುಬೆಯ ಕೆಳಗೆ ನಿಂತ ತಾಯಿಯೇ, ನಮ್ಮ ಜೊತೆಗೂ ನಿಲ್ಲಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.