ಕುಳಿತಲ್ಲಿ ಕಾಲಾಡಿಸುವುದು ದೋಷವೇ?

ಕುಳಿತಿರುವಾಗ ಕಾಲನ್ನು ಅಲ್ಲಾಡಿಸಬಾರದೆಂಬುದು ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಬುದ್ಧಿಮಾತುಗಳಲ್ಲೊಂದು. ಹಾಗೆ ಮಾಡಿದರೆ ಮನೆಗೆ ದಾರಿದ್ರ್ಯವು ಬರುವುದೆಂದೂ, ಲಕ್ಷ್ಮಿಯು ನಿಲ್ಲಳೆಂದೂ, ಸಾಲವು ಬೆಳೆಯುವುದೆಂದೂ ಊರಿಗೊಂದು ಬಗೆಯಾಗಿ ಕಾರಣವನ್ನು ಹೇಳುವರು. ಶಕುನ ಮುಹೂರ್ತಗಳ ಹಂಗನ್ನು ಶರಣರು ಎಂಟು ನೂರು ವರ್ಷಗಳ ಹಿಂದೆಯೇ ಹರಿದೊಗೆದರು. ಕಾಯಕವನ್ನು ನಂಬಿದ ಮನೆಗೆ ಕಾಲಿನ ಅಲುಗಾಟದಿಂದ ಬಡತನವು ಬರುವುದೆಂಬ ಮಾತನ್ನು ನಾವು ಚರ್ಚಿಸುವ ಅಗತ್ಯವಿಲ್ಲ. ಆದರೆ ಈ ನಿಷೇಧದ ಹಿಂದೆ ಇನ್ನೊಂದು ತೀರ್ಮಾನವು ಅಡಗಿದೆ. ಕಾಲು ನಿಲ್ಲದವನ ಮನಸ್ಸೂ ನಿಲ್ಲದು, ಅವನಲ್ಲಿ ಶ್ರದ್ಧೆಯಿಲ್ಲ, ಗೌರವವಿಲ್ಲ ಎಂಬುದೇ ಆ ತೀರ್ಮಾನ. ಒಬ್ಬ ಮನುಷ್ಯನ ಅಂತರಂಗವನ್ನು ಅವನ ಮೊಣಕಾಲನ್ನು ನೋಡಿ ಅಳೆಯಬಹುದೆ? ಇದು ವಿಚಾರ ಮಾಡತಕ್ಕ ಪ್ರಶ್ನೆ.

ಕೆಂಗೇರಿಯ ಬಸ್ಸು ನಿಲ್ದಾಣದ ಬೆಂಚುಗಳ ಮೇಲೆ, ಮೈಸೂರಿನ ಗಾಡಿಗಾಗಿ ಜನರು ಕಾಯುವ ರೈಲು ನಿಲ್ದಾಣದಲ್ಲಿ, 2021ರ ಆಗಸ್ಟಿನಿಂದ ಅಲ್ಲಿಗೆ ಓಡತೊಡಗಿದ ಮೆಟ್ರೋ ಬಂಡಿಯಲ್ಲಿ ಸ್ವಲ್ಪ ಹೊತ್ತು ಗಮನವಿಟ್ಟು ನೋಡಿದವರಿಗೆ ಈ ಚಲನೆಯು ಎಷ್ಟು ಸಾಮಾನ್ಯವೆಂಬುದು ತಿಳಿಯುವುದು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ ವಿದ್ಯಾರ್ಥಿಯ ಹಿಮ್ಮಡಿಯು ಕುಣಿಯುತ್ತಿರುವುದು. ಎದುರಿನ ಗುಮಾಸ್ತನು ಬೆರಳಿನಿಂದ ಚೀಲದ ಮೇಲೆ ತಾಳ ಹಾಕುತ್ತಿರುವನು. ಮೂರನೆಯವರೊಬ್ಬರು ಕಾಲಿನ ಮೇಲೆ ಕಾಲನ್ನು ಹಾಕಿ ಮೇಲಿನ ಪಾದವನ್ನು ತೂಗುತ್ತಿರುವರು. ಕೇಳಿದರೆ ಅವರಲ್ಲಿ ಬಹುಮಂದಿಗೆ ತಮ್ಮ ಕಾಲು ಅಲುಗುತ್ತಿದ್ದುದೇ ತಿಳಿದಿರುವುದಿಲ್ಲ. ತನಗೇ ತಿಳಿಯದೆ ನಡೆಯುವ ಕ್ರಿಯೆಗೆ ಮನುಷ್ಯನು ಎಷ್ಟರ ಮಟ್ಟಿಗೆ ಹೊಣೆಗಾರನೆಂಬುದು ಇಲ್ಲಿಂದಲೇ ಆರಂಭವಾಗುತ್ತದೆ.

ಶರೀರದ ಕಡೆಯಿಂದ ನೋಡಿದರೆ ವಿಷಯವು ಬಹು ಕುತೂಹಲಕರವಾಗಿದೆ. ಹಿಮ್ಮಡಿಯನ್ನೆತ್ತಿ ಮುಂಗಾಲಿನ ಮೇಲೆ ಭಾರವನ್ನಿಟ್ಟು ಕುಳಿತಾಗ ಮೀನಖಂಡದ ಸ್ನಾಯುವು ಎಳೆಯಲ್ಪಡುತ್ತದೆ. ಎಳೆಯಲ್ಪಟ್ಟ ಸ್ನಾಯುವು ಬೆನ್ನುಹುರಿಗೆ ಸುದ್ದಿಯನ್ನು ಕಳುಹಿಸುವುದು; ಬೆನ್ನುಹುರಿಯು ಮೆದುಳಿನ ಅಪ್ಪಣೆಗೆ ಕಾಯದೆ, ಕುಗ್ಗಿಕೋ ಎಂದು ಸ್ನಾಯುವಿಗೆ ಹೇಳಿಕಳುಹಿಸುವುದು. ಹಿಮ್ಮಡಿಯು ಮೇಲೇಳುವುದು, ಕಾಲಿನ ಭಾರಕ್ಕೆ ಮತ್ತೆ ಇಳಿಯುವುದು, ಸ್ನಾಯುವು ಮತ್ತೆ ಎಳೆಯಲ್ಪಡುವುದು. ಹೀಗೆ ಒಮ್ಮೆ ತೊಡಗಿದ ಆಟವು ಮನಸ್ಸಿನ ಮೇಲ್ವಿಚಾರಣೆಯು ಹೆಚ್ಚಾಗಿ ಇಲ್ಲದೆಯೇ ಮುಂದುವರಿಯಬಲ್ಲುದು. ನಿಲ್ಲಿಸಬೇಕೆಂದು ನೆನೆದರೆ ನಿಲ್ಲುವುದೇನೋ ಸರಿ. ಆದರೆ ನೆನಪು ಬೇರೆಡೆಗೆ ಹೋದ ಕ್ಷಣದಲ್ಲಿ ಮತ್ತೆ ತೊಡಗುವುದು.

ಇನ್ನು ಬೇಸರದ ಮಾತು. 1885ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ನೀರಸವಾದ ಒಂದು ಉಪನ್ಯಾಸಕ್ಕೆ ಹೋಗಿದ್ದನು. ಭಾಷಣವನ್ನು ಕೇಳುವುದಕ್ಕಿಂತ ಕೇಳುವವರನ್ನು ನೋಡುವುದು ಲಾಭಕರವೆಂದು ಅವನಿಗೆ ತೋರಿತು. ಸುಮಾರು 50 ಜನರ ಗುಂಪೊಂದನ್ನು ಆರಿಸಿಕೊಂಡು ಅವರ ಮೈಯ ಅಲುಗಾಟಗಳನ್ನು ಎಣಿಸಿದನು. ನಿಮಿಷಕ್ಕೆ ಸುಮಾರು 45 ಬಂದವು. ಎಂದರೆ ಹೆಚ್ಚುಕಡಿಮೆ ತಲೆಗೊಂದು. ಮಾತು ರಸವತ್ತಾಗಿ ಸಭೆಯ ಗಮನವು ಒಂದೆಡೆ ನೆಟ್ಟಾಗ ಆ ಎಣಿಕೆಯು ಅರ್ಧದಷ್ಟಕ್ಕೆ ಇಳಿಯಿತು. ಇದನ್ನು ಓದಿದ ಮೇಲೆ, ಸಭೆಯಲ್ಲಿ ಕಾಲುಗಳು ಕುಣಿಯುವಾಗ ಅಪರಾಧವು ಕೇಳುವವನದೋ ಹೇಳುವವನದೋ ಎಂಬ ಸಂದೇಹವು ಹುಟ್ಟುವುದು ಸಹಜ. ವೇದಿಕೆಯ ಮೇಲಿರುವವರು ಈ ಸಂದೇಹವನ್ನು ಸಾಧಾರಣವಾಗಿ ಎತ್ತುವುದಿಲ್ಲ.

ಆದರೂ ಬೇಸರವೊಂದೇ ಕಾರಣವಲ್ಲ. 8ರಿಂದ 12 ವರ್ಷದ 52 ಬಾಲಕರನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶವೊಂದಿದೆ. ಗಮನವು ನಿಲ್ಲದಿರುವ ತೊಂದರೆಯುಳ್ಳ 29 ಬಾಲಕರು ನೆನಪಿನ ಲೆಕ್ಕಗಳನ್ನು ಮಾಡುವಾಗ ಹೆಚ್ಚು ಅಲುಗಾಡಿದಷ್ಟೂ ಚೆನ್ನಾಗಿ ಮಾಡಿದರು. ಉಳಿದ 23 ಬಾಲಕರಲ್ಲಿ ಇದು ತಿರುಗುಮುರುಗಾಯಿತು. ಒಬ್ಬನಿಗೆ ವಿಕ್ಷೇಪವಾದುದು ಇನ್ನೊಬ್ಬನಿಗೆ ಊರೆಗೋಲು. ನಿದ್ದೆ ಬಾರದಂತೆ ಬಂಡಿಯವನು ಹಾಡಿಕೊಳ್ಳುವಂತೆ, ಆ ಹುಡುಗನ ಶರೀರವು ತನ್ನ ಬುದ್ಧಿಯನ್ನು ಎಚ್ಚರದಲ್ಲಿಡಲು ಕಾಲನ್ನು ಬಳಸಿಕೊಳ್ಳುತ್ತಿರಬಹುದು. ಓದುವಾಗ ಕಾಲು ಕುಣಿಸಿದನೆಂದು ಮಗನ ತೊಡೆಗೆ ಬಾರಿಸುವ ತಂದೆಯು ಈ ಮಾತನ್ನು ಗಮನಿಸಬೇಕು. ಹೊಡೆತದ ಭಯದಿಂದ ಕಾಲು ನಿಲ್ಲುವುದು ನಿಜ. ಆಮೇಲೆ ಆ ಮಗುವಿನ ಬುದ್ಧಿಯೆಲ್ಲವೂ ಕಾಲನ್ನು ಕಾಯುವುದರಲ್ಲಿಯೇ ವೆಚ್ಚವಾಗುವುದು, ಪಾಠಕ್ಕೆ ಉಳಿಯುವುದು ಸ್ವಲ್ಪ.

ನಮ್ಮ ಕಾಲದ ಕುಳಿತಿರುವಿಕೆಯನ್ನೂ ಇಲ್ಲಿ ನೆನೆಯಬೇಕಾಗಿದೆ. ಜೇಡರ ದಾಸಿಮಯ್ಯನು ನೇಯುವಾಗ ಕುಳಿತೇ ಇದ್ದಿರಬೇಕು. ಆದರೆ ಮಗ್ಗದ ಮುಂದೆ ಕುಳಿತವನ ಕೈಕಾಲುಗಳೆರಡಕ್ಕೂ ಕೆಲಸವುಂಟು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ತಂದು ಹಗ್ಗ ಹೊಸೆದನು. ಮಡಿವಾಳ ಮಾಚಯ್ಯನ ಕಾಯಕವು ನೀರಿನಲ್ಲಿ ನಿಂತು ಮಾಡುವಂಥದು. ಅವರ ಶರೀರಗಳಲ್ಲಿ ಕೂತು ಸೋತ ಕಾಲೆಂಬುದು ಇರಲಿಲ್ಲ. ಮೈಸೂರು ರಸ್ತೆಯ ಇಕ್ಕೆಲದ ಹಳ್ಳಿಗಳಲ್ಲಿ ರಾಗಿ ಹೊಲ ಉತ್ತವರ ಮೊಮ್ಮಕ್ಕಳು ಇಂದು ಬೆಳಿಗ್ಗೆ ಬಂಡಿಯಲ್ಲಿ ಕುಳಿತು ಕಚೇರಿಗೆ ಹೋಗಿ, ಅಲ್ಲಿ ದಿನವೆಲ್ಲ ಕುಳಿತು, ಮತ್ತೆ ಕುಳಿತೇ ಮನೆಗೆ ಬರುವರು. ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ 11 ಮಂದಿ ಆರೋಗ್ಯವಂತ ತರುಣ ತರುಣಿಯರನ್ನು 3 ಗಂಟೆಗಳ ಕಾಲ ಕೂರಿಸಿ, ಒಂದು ಕಾಲನ್ನು ಒಂದು ನಿಮಿಷ ಕುಣಿಸಿ ನಾಲ್ಕು ನಿಮಿಷ ನಿಲ್ಲಿಸುತ್ತಿರುವಂತೆಯೂ ಮತ್ತೊಂದನ್ನು ಕದಲಿಸದಂತೆಯೂ ಹೇಳಿದರು. ಕದಲದ ಕಾಲಿನಲ್ಲಿ ರಕ್ತದ ಹರಿವು ಕುಗ್ಗಿ, ಮೊಣಕಾಲ ಹಿಂದಿನ ಧಮನಿಯು ಹಿಗ್ಗುವ ಶಕ್ತಿಯು ಕಡಿಮೆಯಾಯಿತು. ಕುಣಿದ ಕಾಲಿನಲ್ಲಿ ಆ ಶಕ್ತಿಯು ಕೆಡಲಿಲ್ಲ, ಸುಧಾರಿಸಿತು. ಇದು 2016ರಲ್ಲಿ ಪ್ರಕಟವಾದ ಮಾತು. ಕೇವಲ 11 ಮಂದಿಯ ಪರೀಕ್ಷೆಯಾದುದರಿಂದ ಇದರ ಮೇಲೆ ದೊಡ್ಡ ಕಟ್ಟಡವನ್ನು ಕಟ್ಟಲಾಗದು. ಆದರೂ, ಕಾಯಕವಿಲ್ಲದೆ ಕಟ್ಟಿಹಾಕಿದ ಕಾಲು ತನಗೆ ತಾನೇ ಒಂದು ಕೆಲಸವನ್ನು ಹುಡುಕಿಕೊಂಡಿದೆಯೆಂದು ಭಾವಿಸಲು ಇಷ್ಟು ಸಾಕು. ಹಾಗೆಂದು ಕಾಲಾಡಿಸುವುದೇ ಜಂಗಮತ್ವವೆಂದು ಯಾರೂ ವಾದಕ್ಕೆ ನಿಲ್ಲಬಾರದು. ಎದ್ದು ನಾಲ್ಕು ಹೆಜ್ಜೆ ನಡೆಯುವುದು ಅದಕ್ಕಿಂತ ಮೇಲು.

ಈ ಪ್ರಶ್ನೆಯು ಕೇವಲ ಶಿಷ್ಟಾಚಾರದ್ದಲ್ಲವೆಂದು ತೋರಿಸುವುದು ರೋಗದ ಸಂಗತಿ. ಕೆಲವರಿಗೆ ಸಂಜೆಯಾದೊಡನೆ, ಕುಳಿತಾಗ ಇಲ್ಲವೆ ಮಲಗಿದಾಗ, ಕಾಲಿನ ಒಳಗೆ ಹುಳು ಹರಿದಂತೆಯೋ ಸೆಳೆದಂತೆಯೋ ಸಂಕಟವಾಗುವುದು. ಅಲುಗಾಡಿಸಿದರೆ, ಎದ್ದು ನಡೆದರೆ ಮಾತ್ರ ಶಮನವಾಗುವುದು. ಸ್ವೀಡನ್ನಿನ ಎಕ್‌ಬೊಮ್ ಎಂಬ ವೈದ್ಯನು 1945ರಲ್ಲಿ ಇದನ್ನು ಸವಿಸ್ತಾರವಾಗಿ ವರ್ಣಿಸಿದನು. ಶರೀರದಲ್ಲಿ ಕಬ್ಬಿಣದ ಅಂಶವು ಕಡಿಮೆಯಾಗುವುದು ಇದರ ಮುಖ್ಯ ಕಾರಣಗಳಲ್ಲೊಂದು. ಗರ್ಭಿಣಿಯರಲ್ಲಿಯೂ ಮೂತ್ರಪಿಂಡದ ರೋಗಿಗಳಲ್ಲಿಯೂ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಅವರೆಲ್ಲರಿಗೂ ಈ ಸಂಕಟವಿದೆಯೆಂದಲ್ಲ. ಆದರೆ ಸಂಜೆಯ ಪೂಜೆಯಲ್ಲಿ ನೆಟ್ಟಗೆ ಕೂರಲಾರದ ಸೊಸೆಗೆ ಭಕ್ತಿಯಿಲ್ಲವೆಂದು ತೀರ್ಪು ಕೊಡುವ ಅತ್ತೆಯವರು, ಮೊದಲು ಅವಳನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ರಕ್ತವನ್ನು ಪರೀಕ್ಷಿಸಿಸುವುದು ಧರ್ಮ. ಮನೋರೋಗಕ್ಕೂ ವಾಂತಿಗೂ ಕೊಡುವ ಕೆಲವು ಔಷಧಗಳಿಂದಲೂ ಕೂರಲಾಗದ ತಳಮಳವು ಹುಟ್ಟುವುದುಂಟು. ಇಂಥವರನ್ನು ಹಳಿಯುವುದು, ಕುಂಟನು ಕುಂಟಿದನೆಂದು ಹಳಿದಂತೆಯೇ ಸರಿ.

ಹಾಗಾದರೆ ಸ್ಥಿರಾಸನಕ್ಕೆ ಬೆಲೆಯಿಲ್ಲವೆ? ಇದೆ. ಬಸವಣ್ಣನವರು ಮನಸ್ಸನ್ನು ಮರದ ಕೋತಿಗೆ ಹೋಲಿಸಿದುದು ಎಲ್ಲ ಸದ್ಭಕ್ತರಿಗೂ ತಿಳಿದ ವಿಷಯ. ಆದರೆ ಅಲ್ಲಿ ಕೋತಿಯಾದುದು ಮನಸ್ಸು, ಕಾಲಲ್ಲ. ಅದೂ ತಮ್ಮದೇ ಮನಸ್ಸು, ನೆರೆಯವರದಲ್ಲ. ಇದನ್ನು ನಾವು ಮರೆಯುತ್ತೇವೆ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನೆಟ್ಟವನ ಕೈಯಾದರೂ ಪೂರ್ಣವಾಗಿ ನಿಶ್ಚಲವಲ್ಲ: ಆರೋಗ್ಯವಂತನ ಕೈಯಲ್ಲಿಯೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನಡುಕವಿರುವುದನ್ನು ವೈದ್ಯರು ಅಳೆದಿದ್ದಾರೆ. ಜೀವವಿರುವ ತನಕ ಶರೀರವು ಕಲ್ಲಾಗದು. ಇತ್ತ ಕೆರೆಯ ದಡದಲ್ಲಿ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಯಷ್ಟು ಅಲುಗದ ಪ್ರಾಣಿಯನ್ನು ನಾನು ಕಂಡಿಲ್ಲ. ಅದರ ಚಿತ್ತವು ಎಲ್ಲಿ ನೆಟ್ಟಿದೆಯೆಂಬುದು ಮೀನುಗಳಿಗೆ ಗೊತ್ತು. ಮೈಯ ನಿಶ್ಚಲತೆಯು ಮನಸ್ಸಿನ ಏಕಾಗ್ರತೆಗೆ ನೆರವಾಗಬಹುದು, ಸಾಕ್ಷಿಯಾಗಲಾರದು.

ತಿಳಿಯದೆ ಆಡುವ ಕಾಲಿಗೆ ಪಾಪವಿಲ್ಲವೆಂದ ಮಾತ್ರಕ್ಕೆ ತಿಳಿದ ಮೇಲೂ ಹೊಣೆಯಿಲ್ಲವೆಂದಾಗದು. ಒಂದೇ ಬೆಂಚಿನ ಮೇಲೆ ನಾಲ್ವರು ಕುಳಿತಿರುವಾಗ ಒಬ್ಬನ ಕುಣಿತವು ಉಳಿದ ಮೂವರ ಬೆನ್ನನ್ನು ಮುಟ್ಟುವುದು. ಇತರರ ಅಲುಗಾಟವನ್ನು ನೋಡಿದರೆ ಸಾಕು, ತಡೆಯಲಾಗದ ಕಿರಿಕಿರಿಯಾಗುವ ಜನರೂ ಇದ್ದಾರೆ, ಅವರದೂ ನಟನೆಯಲ್ಲ. ಅಂಥವರು ಮೆಲ್ಲನೆ, "ಅಯ್ಯಾ, ಸ್ವಲ್ಪ ಕಾಲು ನಿಲ್ಲಿಸುತ್ತೀರಾ?" ಎಂದು ಕೇಳಿದಾಗ ನಾಚಿ ನಿಲ್ಲಿಸುವುದು ಅಥವಾ ಎದ್ದು ಒಂದು ಸುತ್ತು ಬರುವುದು ಸೌಜನ್ಯ. ನನ್ನ ಕಾಲು, ನನ್ನಿಷ್ಟವೆನ್ನುವವನ ಚಲನೆಯು ಆ ಕ್ಷಣದವರೆಗೆ ಶರೀರದ್ದಾಗಿದ್ದುದು, ಅಲ್ಲಿಂದ ಮುಂದೆ ಅವನ ಅಹಂಕಾರದ್ದಾಗುವುದು. ಕೇಳುವವರಿಗೂ ಒಂದು ಮರ್ಯಾದೆಯಿದೆ. ನಾಲ್ಕು ಜನರ ಮುಂದೆ ಗದರಿಸಿದರೆ ಕಾಲು ನಿಲ್ಲಬಹುದು, ಮುಖವು ಕೆಂಪಾಗುವುದು.

ಮಠಮನೆಗಳ ಸಭೆಗಳಲ್ಲಿ ಒಂದು ಸಣ್ಣ ಏರ್ಪಾಡು ಸಾಧ್ಯವೆಂದು ನನಗೆ ತೋರುತ್ತದೆ. ಪ್ರವಚನವು ಗಂಟೆಯನ್ನು ಮೀರುವುದಾದರೆ ನಡುವೆ ಐದು ನಿಮಿಷ ಎಲ್ಲರೂ ಎದ್ದು ನಿಂತು ಹಾಡುವಂತೆ ಮಾಡಬಹುದು. ಮೊಣಕಾಲು ನೋವಿನವರಿಗೆ ಗೋಡೆಯ ಬದಿಯಲ್ಲಿ ಕುರ್ಚಿ ಹಾಕುವಂತೆಯೇ, ಕೂರಲಾರದವರು ಹಿಂದೆ ನಿಂತೋ ಮೆಲ್ಲನೆ ನಡೆಯುತ್ತಲೋ ಕೇಳಲು ಕಂಬಗಳ ಆಚೆಗೆ ಒಂದಿಷ್ಟು ಜಾಗವನ್ನು ಬಿಡಬಹುದು. ಅದಕ್ಕೆ ಜಮಖಾನವನ್ನು ಎರಡು ಮಾರು ಮುಂದಕ್ಕೆ ಹಾಸಿದರೆ ಸಾಕು.