ಸುರಾಪಾನವೂ ನಮ್ಮ ಮೌನವೂ



ಧನುರ್ಮಾಸವು ಪ್ರಾಪ್ತವಾಗಿದೆ. ಅರುಣೋದಯದಲ್ಲಿ ಶ್ರೀಹರಿಗೆ ಮುದ್ಗಾನ್ನವನ್ನು ನಿವೇದಿಸುವ ಪುಣ್ಯಕಾಲವಿದು. ಈ ಮಾಸದ ನಡುವೆಯೇ ಡಿಸೆಂಬರ್ 31ರ ರಾತ್ರಿಯೂ ಬರುತ್ತದೆ. ತಾಯಿಯು ಬೆಳಗಿನ ಹುಗ್ಗಿಗೆ ಹೆಸರುಬೇಳೆಯನ್ನು ಅಣಿಮಾಡಿಟ್ಟು ಮಲಗಿದ ರಾತ್ರಿಯಲ್ಲೇ ಮಗನು ಗೆಳೆಯರ ಕೂಟದಲ್ಲಿ ಮೊದಲ ಬಾರಿಗೆ ಮದ್ಯದ ಲೋಟವನ್ನು ಹಿಡಿಯುವುದುಂಟು. "ನಮ್ಮ ಮನೆತನಗಳಲ್ಲಿ ಇಂಥದ್ದಿಲ್ಲ" ಎಂದು ಹೇಳುವ ಕಾಲ ಕಳೆದುಹೋಯಿತೆಂಬುದನ್ನು ನಾವು ಒಪ್ಪಿಕೊಳ್ಳಲೇಬೇಕಾಗಿದೆ.

ಸುರಾಪಾನವು ಪಂಚಮಹಾಪಾತಕಗಳಲ್ಲೊಂದೆಂಬುದು ಸರ್ವವಿದಿತ. ಈ ನಿಷೇಧದ ಮರ್ಯಾದೆಯು ಸ್ಥಾಪಿತವಾದ ಬಗೆಯನ್ನು ಮಹಾಭಾರತದ ಆದಿಪರ್ವವು ತಿಳಿಸುತ್ತದೆ. ಬೃಹಸ್ಪತಿಪುತ್ರನಾದ ಕಚನು ಮೃತಸಂಜೀವಿನೀ ವಿದ್ಯೆಗಾಗಿ ಶುಕ್ರಾಚಾರ್ಯರನ್ನು ಆಶ್ರಯಿಸಿದನಷ್ಟೆ. ಅಸುರರು ಅವನನ್ನು ಕೊಂದು, ಸುಟ್ಟು, ಆ ಬೂದಿಯನ್ನು ಸುರೆಯಲ್ಲಿ ಬೆರೆಸಿ ಗುರುಗಳಿಗೇ ಕುಡಿಸಿದರು. ಪಾತ್ರೆಯಲ್ಲಿರುವುದು ತಮ್ಮ ಪ್ರಿಯಶಿಷ್ಯನ ದೇಹವೆಂಬ ಅರಿವು ಅಂಥ ಜ್ಞಾನಿಗಳಿಗೂ ಆಗಲಿಲ್ಲ. ಕಚನು ಬದುಕಿ ಹೊರಬಂದ ಮೇಲೆ ಶುಕ್ರಾಚಾರ್ಯರು ನಡೆದುದನ್ನು ಮುಚ್ಚಿಡಲಿಲ್ಲ. ಬ್ರಾಹ್ಮಣನು ಇನ್ನು ಮುಂದೆ ಸುರೆಯನ್ನು ಮುಟ್ಟಕೂಡದೆಂದು ಎಲ್ಲರೆದುರಿಗೂ ಸಾರಿದರು.

ಇದರಲ್ಲಿ ನಾವು ಗ್ರಹಿಸಬೇಕಾದ ಅಂಶಗಳು ಎರಡು. ಕುಲವಾಗಲಿ ವಿದ್ಯೆಯಾಗಲಿ ಕುಡಿತದ ಪರಿಣಾಮದಿಂದ ಯಾರನ್ನೂ ರಕ್ಷಿಸಲಾರದು ಎಂಬುದು ಒಂದು. ಅನರ್ಥವು ಒದಗಿದಾಗ ಅದನ್ನು ಬಾಯಿಬಿಟ್ಟು ಹೇಳಿದುದರಿಂದಲೇ ಲೋಕಕ್ಕೆ ಹಿತವಾಯಿತು ಎಂಬುದು ಇನ್ನೊಂದು.

ನಮ್ಮಲ್ಲಿ ನಡೆಯುತ್ತಿರುವುದಾದರೋ ಇದಕ್ಕೆ ವಿರುದ್ಧ. ಯಜಮಾನನ ನಡುಗುವ ಕೈಗೆ ಕಚೇರಿಯ ಆಯಾಸವೆಂದೂ, ಅವನು ಶ್ರಾದ್ಧದ ದಿನ ಏಳದಿದ್ದುದಕ್ಕೆ ಜ್ವರವೆಂದೂ ಮನೆಯವರು ಕಾರಣ ಹೇಳುತ್ತಾರೆ. ಪತ್ನಿಯು ಒಡವೆಯನ್ನು ಒತ್ತೆಯಿಟ್ಟು ಸಾಲ ತೀರಿಸುತ್ತಾಳೆ. ಮಗಳ ವಿವಾಹಕ್ಕೆ ಅಡ್ಡಿಯಾದೀತೆಂದು ಎಲ್ಲರೂ ಮೌನ ವಹಿಸುತ್ತಾರೆ. ಹೀಗೆ ಚಿಕಿತ್ಸೆಗೆ ಯೋಗ್ಯವಾದ ವರ್ಷಗಳು ವ್ಯರ್ಥವಾಗುತ್ತವೆ.

ಕೇಂದ್ರ ಸರ್ಕಾರದ ಪರವಾಗಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಭಾರತದಲ್ಲಿ 10ರಿಂದ 75 ವರ್ಷ ವಯಸ್ಸಿನ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಿದ್ದರು, ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ನೆರವಿನ ಅಗತ್ಯವಿತ್ತು. "ಸ್ವಲ್ಪವಾದರೆ ದೋಷವಿಲ್ಲ" ಎಂಬ ಮಾತಿಗೂ ಆಧಾರವಿಲ್ಲ. ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ. ಎಳೆಯ ವಯಸ್ಸಿನಲ್ಲಿ ಆರಂಭಿಸಿದವರು ಮುಂದೆ ವ್ಯಸನಕ್ಕೆ ಸಿಲುಕುವ ಸಂಭವವು ಅಧಿಕ.

ವ್ಯಸನವು ಬಲಿತ ಮೇಲೆ ಅದು ದೇಹದ ರೋಗವೂ ಆಗುತ್ತದೆ. ನಿತ್ಯವೂ ಅತಿಯಾಗಿ ಕುಡಿಯುವವನನ್ನು ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವುದು ತರವಲ್ಲ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಅಪಸ್ಮಾರದಂಥ ಸೆಳವು, ಬುದ್ಧಿಭ್ರಮೆ ತಲೆದೋರಿ ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ಉಚಿತ ದೂರವಾಣಿಯ ಮೂಲಕವೂ ಸಲಹೆ ದೊರೆಯುತ್ತದೆ.

ಪಾತಕಿಗಳ ಸಂಸರ್ಗವೂ ಮಹಾಪಾತಕವಲ್ಲವೆ ಎಂದು ಕೆಲವರು ಶಂಕಿಸಬಹುದು. ಅವರೊಡನೆ ಕೂಡಿ ಕುಡಿಯುವುದು, ಕುಡಿಯಲು ಹಣ ಕೊಡುವುದು ಸಂಸರ್ಗ. ಬಾವಿಗೆ ಬಿದ್ದವನನ್ನು ಮೇಲೆತ್ತಲು ಕೈನೀಡುವುದು ಸಂಸರ್ಗವಾದೀತೆ? ಶಾಸ್ತ್ರವು ಪಾತಕವನ್ನು ಹೇಳಿದಂತೆಯೇ ಪ್ರಾಯಶ್ಚಿತ್ತವನ್ನೂ ಹೇಳಿದೆ. ಚಿಕಿತ್ಸೆಯಿಂದ ದೇಹವು ಸ್ವಸ್ಥವಾಗಲಿ. ಪ್ರಾಯಶ್ಚಿತ್ತದ ವಿಷಯವನ್ನು ಗುರುಹಿರಿಯರಲ್ಲಿ ವಿಚಾರಿಸಿ ನಡೆಸಲಿ.

ಆದುದರಿಂದ ಈ ವರ್ಷಾಂತ್ಯದೊಳಗೆ ಪ್ರತಿಯೊಂದು ಮನೆಯಲ್ಲಿಯೂ ತಂದೆತಾಯಂದಿರು ಮಕ್ಕಳೊಡನೆ ಕುಳಿತು ಈ ವಿಷಯವನ್ನು ನೇರವಾಗಿ ಮಾತನಾಡಬೇಕೆಂದು ಪ್ರಾರ್ಥಿಸುತ್ತೇವೆ. ಮಗನು ತಪ್ಪಿ ನಡೆದಿದ್ದರೆ ಅದನ್ನು ಮೊದಲು ತಂದೆಗೆ ಹೇಳುವಷ್ಟು ಧೈರ್ಯವು ಅವನಿಗೆ ಮನೆಯಿಂದಲೇ ಬರಬೇಕು. ಮನಸ್ಸಿನ ನಿಯಾಮಕನಾದ ಶ್ರೀಹರಿಯು, ಮುಖ್ಯಪ್ರಾಣಾಂತರ್ಗತನಾಗಿ, ಎಲ್ಲರಿಗೂ ಸದ್ಬುದ್ಧಿಯನ್ನು ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.